ಭಾರದ ಗುಂಡು ಮೇಲಕ್ಕೇ ಹೋಗುತ್ತದೆ

ಹೋದ ವರ್ಷ ನಮ್ಮ ಮನೆಗೆ ಬಂದವರಿಗೆಲ್ಲ ನಮ್ಮ ಯಜಮಾನರು ಒಂದು ಪ್ರಶ್ನೆ ಕೇಳುತ್ತಿದ್ದರು. ಗೀಸರ್ ಕೆಟ್ಟಿದೆ ಎಂದು ಹೇಳಲು ಕೆಳಗಿಳಿದು ಬಂದ ಎರಡನೇ ಮಹಡಿಯ ಬಾಡಿಗೆಯವನಿಗೂ ಬಿಡುಗಡೆ ಇರಲಿಲ್ಲ.

“ಒಂದೇ ರಿವಾಲ್ವರು, ಒಂದೇ ಗುರಿ. ಒಂದು ಗುಂಡು ಹಗುರ, ಇನ್ನೊಂದು ಭಾರ. ಯಾವ್ದು ಮೇಲೆ ಬೀಳುತ್ತೆ ಹೇಳಿ ನೋಡೋಣ.”

“ಹಗುರದ್ದು ಅಲ್ವಾ ಅಂಕಲ್?”

“ಅಲ್ಲ!” ಇವರಿಗೆ ಹಬ್ಬ. ಆಮೇಲೆ ಕಾಲು ಗಂಟೆ ವಿವರಣೆ. ಆ ಹುಡುಗ ಆ ವಾರವೆಲ್ಲ ತಣ್ಣೀರಿನಲ್ಲೇ ಸ್ನಾನ ಮಾಡಿದ ಎಂದು ಕಾಣುತ್ತದೆ.

ಜೆ.ಪಿ. ನಗರಕ್ಕೆ ಫೇಸ್‌ಗಳ ನಂಬರು ಬರುವ ಮೊದಲು ಇಲ್ಲಿ ನಮ್ಮ ಮಾವನವರ ರಾಗಿ ಹೊಲ ಇತ್ತು. ಪಂಪ್‌ಸೆಟ್ ಕದಿಯುವವರನ್ನು ಹೆದರಿಸಲು ಅವರು ಲೈಸೆನ್ಸ್ ಮಾಡಿಸಿ ರಿವಾಲ್ವರ್ ತಂದರಂತೆ. ಹೊಲ ಸೈಟುಗಳಾಯಿತು, ಬಾವಿ ಮುಚ್ಚಿತು, ಕಳ್ಳರು ಬೇರೆ ಕಸುಬು ಹಿಡಿದರು. ರಿವಾಲ್ವರ್ ಮಾತ್ರ ಉಳಿಯಿತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಹೋಗಿ ಕರೆತರಬೇಕು. ನಾನು ತವರಿಗೆ ಹೋಗಿದ್ದಕ್ಕಿಂತ ಹೆಚ್ಚು ಸಲ ಅದು ಠಾಣೆಗೆ ಹೋಗಿ ಬಂದಿದೆ, ಅದನ್ನು ಕರೆತರುವಾಗ ಇವರ ಮುಖದಲ್ಲಿ ಇರುತ್ತಿದ್ದ ಕಳೆಯೂ ಹೆಚ್ಚು.

ಮಾವನವರು ಹೋದ ಮೇಲೆ ಲೈಸೆನ್ಸ್ ಇವರ ಹೆಸರಿಗೆ ಬಂತು. ಬರೀ ಬೀರುವಿನಲ್ಲಿ ಇಡುವುದು ಯಾಕೆ ಎಂದು ಶೂಟಿಂಗ್ ಕ್ಲಬ್ಬಿಗೆ ಸೇರಿದರು. ಒಬ್ಬರೇ ಹೋಗಲು ಬೇಸರ ಎಂದು ನನ್ನನ್ನೂ ಸೇರಿಸಿದರು. ಭಾನುವಾರ ಬೆಳಿಗ್ಗೆ ಮಸಾಲೆ ದೋಸೆ, ಆಮೇಲೆ ಗುಂಡು. ಹಿರಿಯರ ವಿಭಾಗದಲ್ಲಿ ಇವರಿಗೆ ಒಂದೆರಡು ಪದಕ ಬಂದವು. ಅವು ದೇವರ ಮನೆಯ ಬಾಗಿಲಿಗೆ ತೂಗುಬಿದ್ದಿವೆ. ದೇವರಿಗೇನೂ ಅಭ್ಯಂತರ ಇದ್ದಂತಿಲ್ಲ.

ಕಳೆದ ಮಳೆಗಾಲದಲ್ಲಿ ಇವರ ಗುಂಡುಗಳು ಮೇಲೆ ಬೀಳಲು ಶುರುವಾದವು. ಒಂದೆರಡಲ್ಲ, ಎಲ್ಲವೂ. ರಾಜ್ಯ ಮಟ್ಟದ ಆಯ್ಕೆ ಹತ್ತಿರದಲ್ಲಿತ್ತು. ಅದೇ ಹೊತ್ತಿಗೆ ಕ್ಲಬ್ಬಿನಲ್ಲಿ ಹಳೆಯ ಹಗುರದ ಗುಂಡು ಮುಗಿದು, ಭಾರದ ಗುಂಡು ಬಂದಿತ್ತು. ನಮ್ಮ ಕೋಚ್ ಸೈನ್ಯದಿಂದ ನಿವೃತ್ತರಾದವರು, ಮಾತು ಕಡಿಮೆ. ಅಂದು ಮಾತ್ರ ಬಿಡಿಸಿ ಹೇಳಿದರು.

“ಸಾರ್, ಭಾರದ ಗುಂಡು ನಿಧಾನ. ಕುದುರೆ ಎಳೆದ ಕೂಡ್ಲೆ ಒದೆತ ಶುರು, ಮೂತಿ ಮೇಲೇಳುತ್ತೆ. ಹಗುರದ್ದು ಅಷ್ಟರೊಳಗೆ ಓಡ್ಹೋಗಿರುತ್ತೆ. ಭಾರದ್ದು ಇನ್ನೂ ನಳಿಗೆ ಒಳಗೇ ಇರುತ್ತೆ, ಮೂತಿ ಜೊತೆ ಅದೂ ಮೇಲೆ. ಇಷ್ಟು ಹತ್ತಿರದ ಗುರಿಗೆ ಅದು ಮೇಲೇ ಬೀಳೋದು.” ನೆಲ ನೋಡುತ್ತಾ ಸೇರಿಸಿದರು. “ಕೈ ಹಿಡಿತ ಸಡಿಲ ಆದ್ರೂ ಅಷ್ಟೇ ಸಾರ್. ಮೂತಿ ಇನ್ನೂ ಜಾಸ್ತಿ ಏಳುತ್ತೆ.”

ನನಗೆ ಅರ್ಥವಾಗಿದ್ದು ಹೀಗೆ: ಹಗುರದ ಗುಂಡು ಮದುವೆಮನೆಯಲ್ಲಿ ಜಗಳ ಹತ್ತುವ ಮೊದಲೇ ಉಂಡು ಹೊರಟುಬಿಡುವ ನೆಂಟ. ಭಾರದ್ದು ಎಲೆಅಡಿಕೆ ಮೆಲ್ಲುತ್ತಾ ಕೂತು ಜಗಳದಲ್ಲಿ ಸಿಕ್ಕಿಬೀಳುವ ನೆಂಟ. ಇವರು ನೆಂಟರ ಕಥೆಯನ್ನಷ್ಟೇ ಮನೆಗೆ ತಂದರು. ಹಿಡಿತದ ಮಾತನ್ನು ಕ್ಲಬ್ಬಿನಲ್ಲೇ ಬಿಟ್ಟು ಬಂದರು.

ಆ ಮಾತನ್ನು ನಾನು ಮನೆಗೆ ತಂದೆ. ಮಾವನವರಿಗೆ ಕೊನೆಗಾಲದಲ್ಲಿ ಬಲಗೈ ನಡುಗುತ್ತಿತ್ತು. ಮುದ್ದೆ ಮುರಿದುಕೊಡಲೂ ಅತ್ತೆ ಪಕ್ಕದಲ್ಲಿ ಕೂರಬೇಕಿತ್ತು. ಆರಡಿ ಆಳು, ಊಟದ ಹೊತ್ತಿಗೆ ಯಾರೂ ಬರಬಾರದೆಂದು ಬಾಗಿಲು ಹಾಕಿಸುತ್ತಿದ್ದರು. ಇವರೂ ಈಗ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದ್ದರು. ಚಳಿ ಎನ್ನುತ್ತಿದ್ದರು. ಬೆಂಗಳೂರಿನ ಹವೆಯ ಮೇಲೆ ಎಷ್ಟು ಬೇಕಾದರೂ ಹೊರಿಸಬಹುದು, ಅದೊಂದು ಅನುಕೂಲ. ನನಗೆ ಭಯವಾಗಿತ್ತು. ಆದರೆ ಗುಂಡಿನ ತೂಕದ ಬಗ್ಗೆ ಇಷ್ಟು ಖುಷಿಯಾಗಿ ಮಾತಾಡುವ ಗಂಡನಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು? ನಾನೂ ಹೌದು ಹೌದು ಎಂದೆ. ತರಕಾರಿ ಅಂಗಡಿಯಲ್ಲಿ ಪಕ್ಕದ ಮನೆಯವರಿಗೆ ನಾನೇ ಒಂದು ಸಲ ಭಾರದ ಗುಂಡಿನ ಪಾಠ ಮಾಡಿದೆ.

“ಹಗುರದ್ದು ಒಂದು ಆರು ಸಿಕ್ಕಿದ್ರೆ ಸಾಕು, ತೋರಿಸ್ಬಿಡ್ತೀನಿ,” ಎನ್ನುತ್ತಿದ್ದರು. ಊರಲ್ಲೆಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಮನೆಯಲ್ಲೇ. ಆಯುಧಪೂಜೆಗೆ ಎಂದು ಅತ್ತೆ ಆರು ಗುಂಡುಗಳನ್ನು ಬೇರೆ ಎತ್ತಿಟ್ಟಿದ್ದರು. ಪ್ರತಿ ವರ್ಷ ಕುಡುಗೋಲು, ಈಳಿಗೆಮಣೆ, ಕಾರಿನ ಬೀಗದ ಕೈ, ರಿವಾಲ್ವರ್, ಪಕ್ಕದಲ್ಲಿ ಆ ಆರು. ಅರಿಶಿನ ಕುಂಕುಮ ಕಂಡ ಗುಂಡನ್ನು ಹಾರಿಸಬಾರದೆಂದು ಅವರ ಕಟ್ಟಪ್ಪಣೆ. ಅತ್ತೆ ಈಗಿಲ್ಲ, ಅಪ್ಪಣೆ ಇತ್ತು. ಇವರು ದೇವರ ಮುಂದೆ ನಿಂತು ಕೈಮುಗಿದು, “ಅವ್ವಾ, ಇದೊಂದ್ಸಲ,” ಎಂದು, ಮಂಚದ ಮೇಲೆ ಕೂತು ಹತ್ತಿಬಟ್ಟೆಯಲ್ಲಿ ಕುಂಕುಮ ಒರೆಸತೊಡಗಿದರು. ಒರೆಸಲು ಬಹಳ ಹೊತ್ತು ಹಿಡಿಯಿತು. ಒಂದು ಗುಂಡು ಕೈಯಿಂದ ಜಾರಿ ಮಂಚದ ಕೆಳಗೆ ಹೋಯಿತು, ನಾನೇ ಹೆಕ್ಕಿಕೊಟ್ಟೆ.

ಭಾನುವಾರ ಕೋಚ್ ಆ ಗುಂಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಅಂಚಿನಲ್ಲಿ ಉಳಿದಿದ್ದ ಕೆಂಪನ್ನೂ ಒರೆಸಿ, ಆಗಬಹುದು ಎಂದರು. ಇವರು ಆರನ್ನೂ ಹಾರಿಸಿದರು. ಹಗುರದವು ಕೆಳಗೆ ಬೀಳಬೇಕು. ಬಿದ್ದದ್ದು ಕಪ್ಪು ವೃತ್ತಕ್ಕಿಂತ ಒಂದು ಗೇಣು ಮೇಲೆ, ಬಿಳಿಯ ಕಾಗದದಲ್ಲಿ, ಚೆಲ್ಲಾಪಿಲ್ಲಿ.

ಇವರು ರಿವಾಲ್ವರನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದರು. “ಈಗ ನೀನು ಹೊಡಿ. ಭಾರದ್ದರಲ್ಲಿ.”

“ಬೇಡ ರೀ.”

“ಹೊಡಿ. ಬೇಕೂಂತ ತಪ್ಪಿಸ್ಬೇಡ.”

ಆ ಎರಡನೇ ಮಾತು ಯಾಕೆ ಬಂತೆಂದು ಆಗ ಹೊಳೆಯಲಿಲ್ಲ. ತಪ್ಪಿಸುವ ಯೋಚನೆ ನನ್ನ ತಲೆಯಲ್ಲಿ ಇದ್ದದ್ದು ನಿಜ. ಆದರೆ ಹಾಗೆ ಹೇಳಿದ ಮೇಲೆ ತಪ್ಪಿಸುವುದಾದರೂ ಹೇಗೆ? ಹೊಡೆದೆ. ಭಾರದ ಗುಂಡುಗಳು ನಡುವಿಗಿಂತ ಎರಡು ಬೆರಳು ಮೇಲೆ, ಒಂದರ ಪಕ್ಕ ಒಂದು ಕೂತವು. ಕೋಚ್ ಹೇಳಿದ್ದು ಸರಿಯಾಗಿತ್ತು. ತೂಕಕ್ಕೆ ಸಲ್ಲಬೇಕಾದದ್ದು ಆ ಎರಡು ಬೆರಳು. ಉಳಿದದ್ದು ಇವರ ಕೈಯದು. ಕೋಚ್ ಎರಡೂ ಕಾಗದಗಳನ್ನು ಮಡಚಿ, ನೀರು ತರುತ್ತೇನೆಂದು ಹೊರಗೆ ಹೋದರು. ಬಾಟಲಿ ಅವರ ಕಂಕುಳಲ್ಲೇ ಇತ್ತು.

ನಾವಿಬ್ಬರೂ ಬೆಂಚಿನ ಮೇಲೆ ಕೂತೆವು.

“ನಿಂಗೆ ಯಾವಾಗಿಂದ ಗೊತ್ತು?” ಎಂದರು.

“ಶ್ರಾವಣದಿಂದ,” ಎಂದೆ.

“ನಂಗೆ ಯುಗಾದಿಯಿಂದ.”

ಯುಗಾದಿಗೆ ಭಾರದ ಗುಂಡು ಇನ್ನೂ ಕ್ಲಬ್ಬಿಗೆ ಬಂದೇ ಇರಲಿಲ್ಲ. “ಮತ್ತೆ ಆ ಪಾಠವೆಲ್ಲ? ಬಾಡಿಗೆ ಹುಡುಗನ್ನೂ ಬಿಡ್ಲಿಲ್ವಲ್ಲ ನೀವು?”

“ಅವನು ನೆಪ. ನೀನು ಪಕ್ಕದಲ್ಲಿ ಕೇಳಿಸ್ಕೋತಾ ಇದ್ಯಲ್ಲ. ಅಪ್ಪನಿಗೆ ಹಾಗಾದಾಗ ಅವ್ವನ ಜೊತೆ ಎಲ್ಲಾ ನೀನೇ ಮಾಡಿದ್ದೀಯ. ಮತ್ತೆ ಅದೇ ಬಂತು ಅಂತ ಹೆದರ್ಕೋತೀಯ ಅಂತ... ಆಮೇಲೆ ನೀನೂ ಹೂಂಗುಟ್ಟಿದೆ. ನಂಬಿದ್ದಾಳೆ ಅನ್ಕೊಂಡೆ. ಕೊನೆಗೆ ನಂಗೂ ನಿಜ ಇರ್ಬಹುದೇನೋ ಅನ್ನಿಸ್ತು, ಅದಕ್ಕೇ ಅವ್ವನ ಗುಂಡು ತೆಗೆದೆ.”

ಅಂದರೆ ಅವರನ್ನು ಸಮಾಧಾನಪಡಿಸಲು ನಾನು ನಂಬಿದಂತೆ ನಟಿಸಿದ್ದೆ. ನನ್ನನ್ನು ಸಮಾಧಾನಪಡಿಸಲು ಅವರು ಬೀದಿಯವರಿಗೆಲ್ಲ ಪಾಠ ಹೇಳಿದ್ದರು. ಒಂದೇ ಮನೆಯಲ್ಲಿ, ಒಂದೇ ಭಯವನ್ನು, ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟು ಕಾದಿದ್ದೆವು. ನನಗೆ ಸಿಟ್ಟು ಬಂತು. ಅಳುವೂ ಬಂತು. ನಗು ಬಂದದ್ದನ್ನು ಯಾರಿಗೂ ಹೇಳಿಲ್ಲ.

“ನಾಳೆ ಡಾಕ್ಟರ ಹತ್ರ ಹೋಗೋಣ,” ಎಂದೆ.

“ಹೋಗೋಣ.”

ಅವರ ಬಲಗೈ ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಇತ್ತು, ನಡುಗುತ್ತಿತ್ತು. ನಾನು ಅದರ ಮೇಲೆ ಕೈ ಇಟ್ಟೆ. ಅವರು ಎಳೆದುಕೊಳ್ಳಲಿಲ್ಲ.