ಡ್ಯಾಮ್ ಅಂದರೆ ಎಂತ?

ಐತಪ್ಪ ಮಾಸ್ತರರು ಆ ಸಂಜೆ ನನ್ನಲ್ಲಿ ಅರ್ಥ ಕೇಳಿದ್ದು ಒಂದು ಪದಕ್ಕೋ, ಎರಡಕ್ಕೋ? ಇಪ್ಪತ್ತು ವರ್ಷ ದಾಟಿತು. ಈಗ ಪ್ರಮಾಣ ಮಾಡಿ ಹೇಳಲಾರೆ. ಒಂದೇ ಆಗಿದ್ದರೆ ನನ್ನ ತಪ್ಪು ಸ್ವಲ್ಪ ಕಡಿಮೆ.

ನಾನಾಗ ಮದ್ರಾಸಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. (ಕೆಲಸ ಇರಲಿಲ್ಲ, ಅಭಿಪ್ರಾಯಗಳು ಬೇಕಾದಷ್ಟಿದ್ದವು.) ಕುಂಬಳೆಯ ಹತ್ತಿರದ ಒಂದು ಶಾಲೆಗೆ ಐತಪ್ಪನವರೊಬ್ಬರೇ ಮಾಸ್ತರರು. ಅಂಗಳದ ಮರಳಿನಲ್ಲಿ ಮಕ್ಕಳಿಂದಲೇ ಹೊಳೆ, ಅಳಿವೆ, ರೈಲು ಸೇತುವೆ ಮಾಡಿಸಿ ಭೂಗೋಳ ಕಲಿಸುವವರು. ಇಂಗ್ಲಿಷ್ ಬಾರದು.

ಆ ದಿನ ಇನ್ಸ್‌ಪೆಕ್ಟರರು ಬಂದಿದ್ದರಂತೆ. ನಮ್ಮವರೇ, ಆದರೆ ಬಿಳಿಯರ ಜೊತೆ ಟೆನಿಸ್ ಆಡಿ ಅವರ ಮಾತು ಅಂಟಿಸಿಕೊಂಡವರು. ಮರಳಿನ ಹೊಳೆ ನೋಡಿ ಇಂಗ್ಲಿಷಿನಲ್ಲಿ ಏನೋ ಅಂದರಂತೆ. ಸಂಜೆ ಮಾಸ್ತರರು ನೇರ ನಮ್ಮ ಜಗಲಿಗೆ ಬಂದರು.

“ಡ್ಯಾಮ್ ಅಂದರೆ ಎಂತ?”

ನರಕಕ್ಕೆ ಹೋಗು ಎಂಬ ಶಾಪ, ಸಭ್ಯರು ಆಡದ ಮಾತು ಎಂದೆ. ಡಿಕ್ಷನರಿಯನ್ನೂ ತಂದು ತೋರಿಸಿದೆ. ಅದರ ಹಿಂದೆ ಮುಂದೆ ಬೇರೆ ಏನು ಅಂದರು ಎಂದು ಕೇಳಿದೆನೇ? ಇಲ್ಲ. ಅಷ್ಟು ಮಾತ್ರ ಚೆನ್ನಾಗಿ ನೆನಪಿದೆ.

ಮಾಸ್ತರರು ಡಿಕ್ಷನರಿ ಮುಚ್ಚಿ ನನ್ನ ಕೈಗೇ ಕೊಟ್ಟರು. “ಮಕ್ಕಳ ಎದುರೇ ಅಂದದ್ದು ಮಾರಾಯ್ರೇ. ನಾಳೆ ನಾನು ಯಾವ ಮೋರೆಯಲ್ಲಿ ಅವರ ಎದುರು ನಿಲ್ಲುವುದು?”

ನಿಲ್ಲಲಿಲ್ಲ. ರಾಜೀನಾಮೆ ಬರೆದು ಕಳುಹಿಸಿ, ಮಂಗಳೂರಿನ ಒಂದು ಹಂಚಿನ ಕಾರ್ಖಾನೆ ಸೇರಿದರು. ಮತ್ತೆಂದೂ ಪಾಠ ಹೇಳಲಿಲ್ಲ. ಹೋದ ವರ್ಷ ತೀರಿಕೊಂಡರು.

ಮೊನ್ನೆ ಬಸ್ಸಿನಲ್ಲಿ ಕಂಡಕ್ಟರ್ ಕೃಷ್ಣ ಸಿಕ್ಕಿದ. ಆ ಮರಳಿನ ಹೊಳೆ ತೋಡಿದ ಮಕ್ಕಳಲ್ಲಿ ಅವನೂ ಒಬ್ಬ. ಇನ್ಸ್‌ಪೆಕ್ಟರರು ಬೈದದ್ದು ನೆನಪುಂಟೋ ಎಂದು ಕೇಳಿದೆ.

“ಬೈದದ್ದಾ? ಡ್ಯಾಮ್ ಕ್ಲೆವರ್ ಅಂದದ್ದು ಸ್ವಾಮಿ. ನಗುತ್ತಾ ಹೋದರು. ನಾವು ಒಂದು ವಾರ ಅದನ್ನೇ ಹೇಳಿಕೊಂಡು ಕುಣಿದದ್ದುಂಟು,” ಎಂದು ನಕ್ಕು, ಮುಂದಿನ ಸೀಟಿಗೆ ಟಿಕೆಟ್ ಹರಿಯಲು ಹೋದ.

ಡ್ಯಾಮ್ ಕ್ಲೆವರ್. ಅಂದರೆ ಮಹಾ ಜಾಣ! ಪಕ್ಕದಲ್ಲಿ ಯಾವ ಪದ ಕೂತಿದೆ ಎಂಬುದರ ಮೇಲೆ ಬೈಗಳೂ ಹೊಗಳಿಕೆಯಾಗುತ್ತದೆ. ನಾವು ಪ್ರೀತಿಯಿಂದ ‘ಕಳ್ಳ’ ಎಂದು ಮಗುವಿನ ಕೆನ್ನೆ ಹಿಂಡುವುದಿಲ್ಲವೇ? ಇದನ್ನು ತಿಳಿಯಲು ಬಿ.ಎ. ಬೇಕೇ? (ನನಗೆ ಅಡ್ಡ ಬಂದದ್ದು ಅದೇ ಇರಬೇಕು.)

ಆದರೆ ಕೃಷ್ಣನ ನೆನಪನ್ನು ಮಾತ್ರ ನಂಬುವುದು ಹೇಗೆ? ಶಾಲೆಗೇ ಹೋಗಿ ಹಳೆಯ ವಿಸಿಟರ್ಸ್ ಬುಕ್ ತೆಗೆಸಿದೆ. ಆ ದಿನದ ಪುಟ ಹಾಗೆಯೇ ಇದೆ. ಇನ್ಸ್‌ಪೆಕ್ಟರರು ಇಂಗ್ಲಿಷಿನಲ್ಲಿ ಬರೆದಿದ್ದಾರೆ: ತಾಲೂಕಿನ ಉಳಿದ ಮಾಸ್ತರರನ್ನು ಇಲ್ಲಿಗೆ ಕಳುಹಿಸಿ, ಇವರು ಪಾಠ ಮಾಡುವುದನ್ನು ತೋರಿಸಬೇಕು.