ಎರಡು ಗುಟುಕು ಹಾಲು

ಆಸ್ಪತ್ರೆಯಲ್ಲಿ ನನ್ನನ್ನು 'ಕಾಫಿ ಸಿಸ್ಟರ್' ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನಾನು ಕಾಫಿಗೆ ಪ್ರಾಣ ಬಿಡುವವಳು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನಾನು ಕಾಫಿ ಮುಟ್ಟುವುದೇ ಇಲ್ಲ, ಎದೆ ಉರಿಯುತ್ತದೆ. ಆಪರೇಷನ್‌ಗೆ ಕರೆದುಕೊಂಡು ಹೋಗುವ ಮುಂಚೆ ರೋಗಿಯ ಮಂಚದ ಪಕ್ಕ ಕೂತು, 'ಬೆಳಿಗ್ಗೆ ಕಾಫಿ ಯಾರು ತಂದುಕೊಟ್ರು? ಚೆನ್ನಾಗಿತ್ತಾ?' ಎಂದು ಕೇಳುವುದು ನನ್ನ ಅಭ್ಯಾಸ. ಆ ಹೆಸರು ಅದರಿಂದ ಬಂದದ್ದು.

'ಏನಾದ್ರೂ ತಿಂದಿದ್ದೀರಾ?' ಎಂದು ನೆಟ್ಟಗೆ ಕೇಳಿದರೆ ನಮ್ಮ ಕಡೆಯ ಜನ ತಲೆ ಅಲ್ಲಾಡಿಸಿಬಿಡುತ್ತಾರೆ. ನರ್ಸು ಹುಬ್ಬು ಗಂಟಿಕ್ಕಿಕೊಂಡು ಕೇಳಿದರೆ ಅವರಾದರೂ ಇನ್ನೇನು ಮಾಡಿಯಾರು? ಹೌದು ಎಂದರೆ ಬೈಗುಳ, ಮೇಲೆ ಆಪರೇಷನ್ ನಾಳೆಗೆ. ಅದೇ ಕಾಫಿ ಚೆನ್ನಾಗಿತ್ತಾ ಎಂದು ಕೇಳಿ ನೋಡಿ. 'ಎಲ್ಲಿ ಚೆನ್ನಾಗಿತ್ತಮ್ಮ, ಬರೀ ಬಿಸಿನೀರು' ಎಂದು ಬಾಯಿ ಬಿಡುತ್ತಾರೆ. ನನಗೆ ಅಷ್ಟು ಸಾಕು, ಆಪರೇಷನ್ ಮುಂದಕ್ಕೆ ಹಾಕಿಸುತ್ತೇನೆ. ಡಾಕ್ಟರು ಗೊಣಗುತ್ತಾರೆ. ಗೊಣಗಲಿ.

ನಾನು ಮಾಲೂರಿನವಳು. ಮದುವೆಯಾಗಿ ಕೋಲಾರಕ್ಕೆ ಬಂದ ಮೇಲೆ ಇಲ್ಲೇ ಒಂದು ಆಸ್ಪತ್ರೆಯಲ್ಲಿ, ಆಪರೇಷನ್ ಥಿಯೇಟರಿನಲ್ಲಿ, ನರ್ಸ್ ಆಗಿದ್ದೇನೆ. ಬಾಯಿ ಜೋರು ಎಂದು ನಮ್ಮತ್ತೆಯಿಂದ ಹಿಡಿದು ಆಸ್ಪತ್ರೆಯ ವಾಚ್‌ಮನ್‌ವರೆಗೆ ಎಲ್ಲರೂ ಹೇಳಿದ್ದಾರೆ. ವಾರ್ಡಿನಲ್ಲಿ ನಾನು ಕಾಲಿಟ್ಟರೆ ರೋಗಿಗಳ ಕಡೆಯವರು ಮಂಚದಿಂದ ಎದ್ದು ನಿಲ್ಲುತ್ತಿದ್ದ ಕಾಲವೊಂದಿತ್ತು. ಅದು ಗೌರವ ಅಂದುಕೊಂಡಿದ್ದೆ.

ಆ ಕಾಲದಲ್ಲಿ ಬಂದವಳು ಆ ಹುಡುಗಿ. ಮುಳಬಾಗಿಲು ಕಡೆಯ ಒಂದು ಹಳ್ಳಿಯವಳು. ಶ್ರೀನಿವಾಸಪುರದ ಹತ್ತಿರ ಸೋದರತ್ತೆ ಮನೆಗೆ ಹೋಗಿದ್ದವಳು ತೋಪಿನಲ್ಲಿ ಮಾವಿನ ಮರ ಹತ್ತಿ ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಅಪ್ಪ, ಅಮ್ಮ, ಅಪ್ಪನ ತಾಯಿ ಮೂವರೂ ಜೊತೆಗಿದ್ದರು. ಅಜ್ಜಿ ಗಟ್ಟಿ ಹೆಂಗಸು. ಅವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ಮೊಮ್ಮಗಳನ್ನು 'ನಾ ತಲ್ಲಿ, ನಾ ತಲ್ಲಿ', ನನ್ನ ತಾಯೀ ಎಂದು ಮುದ್ದು ಮಾಡುತ್ತಾ, ಮುರಿದ ಕೈಗೆ ನೊಣ ಕೂರದಂತೆ ಸೆರಗಿನಿಂದ ಗಾಳಿ ಹಾಕುತ್ತಾ ಕೂತಿದ್ದರು.

ಮಾರನೆಯ ಬೆಳಿಗ್ಗೆ ಆಪರೇಷನ್. 'ಬೆಳಿಗ್ಗೆ ಏನೂ ಕೊಡಬೇಡಿ, ನೀರೂ ಕೊಡಬೇಡಿ' ಎಂದು ವಾರ್ಡಿನ ಸಿಸ್ಟರ್ ಹೇಳಿದ್ದಳು. ನಾವೆಲ್ಲ ದಿನವೂ ಹೇಳುತ್ತಿದ್ದದ್ದು ಅಷ್ಟೇ. ಥಿಯೇಟರಿನ ಬಾಗಿಲಲ್ಲಿ ನಾನೂ ನಿಯಮದಂತೆ ಕೇಳಿದೆ, ಹುಡುಗಿ ಇಲ್ಲ ಎಂದಳು. ಅವಳ ಜಡೆಯನ್ನು ಟೋಪಿಯೊಳಗೆ ತುರುಕುತ್ತಿದ್ದಾಗ ಅವಳು ಕೇಳಿದ್ದು ಒಂದೇ ಮಾತು.

'ಆಂಟಿ, ಕೈ ಸರಿ ಹೋದ್ಮೇಲೆ ಕರು ಎತ್ಕೋಬಹುದಾ? ನಮ್ಮನೆ ಹಸು ಕರು ಹಾಕೈತೆ.'

'ಕರು ಏನು, ಹಸೂನೇ ಎತ್ಕೋ' ಎಂದೆ. ನಕ್ಕಳು.

ನಿದ್ದೆಯ ಔಷಧಿ ಕೊಟ್ಟ ಸ್ವಲ್ಪ ಹೊತ್ತಿಗೆ ಅವಳ ಬಾಯಿಂದ ಹಾಲು ಬಂತು. ಒಡೆದ ಹಾಲು. ಗಂಟಲು ತೆರವು ಮಾಡಲು ಹಾಕಿದ ಹೀರುವ ನಳಿಗೆ ಬೆಳ್ಳಗಾಯಿತು. ಡಾಕ್ಟರು ಮಾಡಬೇಕಾದ್ದೆಲ್ಲ ಮಾಡಿದರು, ನಾನು ಕೈಗೆ ಸಿಕ್ಕಿದ್ದೆಲ್ಲ ಎತ್ತಿ ಕೊಟ್ಟೆ. ಅಷ್ಟರಲ್ಲಿ ಹಾಲು ಶ್ವಾಸಕೋಶಕ್ಕೆ ಇಳಿದುಹೋಗಿತ್ತು. ಹೊರಗೆ ಬಂದು ಕೇಳಿದಾಗ ಹುಡುಗಿಯ ಅಮ್ಮ ಗೋಡೆಯ ಕಡೆ ತಿರುಗಿ ಹೇಳಿದಳು, 'ಅತ್ತೆ ಎರಡು ಗುಟುಕು ಹಾಲು ಕೊಟ್ರು.' ಆಗ ಅಜ್ಜಿ ಅಲ್ಲಿರಲಿಲ್ಲ. ಗೇಟಿನ ಹತ್ತಿರದ ಗಣೇಶನ ಗುಡಿಯಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದರು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಕೆಲವು ದಿನ ಅಲ್ಲಿ ಮೆಷಿನ್ನಿನ ಉಸಿರಿನಲ್ಲಿ ಇದ್ದು ಹೋಗಿಬಿಟ್ಟಳು. ಅವಳನ್ನು ಊರಿಗೆ ತಂದ ಗಾಡಿ ನಮ್ಮ ಆಸ್ಪತ್ರೆಯ ಮುಂದೆಯೇ ಹಾದುಹೋಗಿರಬೇಕು, ಮುಳಬಾಗಿಲಿಗೆ ಇರುವುದು ಅದೇ ರಸ್ತೆ ತಾನೆ. ಈಗಲೂ ಆ ಕಡೆಯ ಬಸ್ಸು ಹತ್ತಿದರೆ ಕರು ಎತ್ಕೋಬಹುದಾ ಎಂದು ಅವಳು ಕೇಳಿದ ಮಾತು ನೆನಪಾಗುತ್ತದೆ.

ಕಾರ್ಯ ಮುಗಿದ ಮೇಲೆ ಅವಳ ಅಪ್ಪ ಬಂದ. ಆಂಬುಲೆನ್ಸಿನಲ್ಲಿ ನಮ್ಮ ಆಸ್ಪತ್ರೆಯ ಕಂಬಳಿಯೊಂದು ಹೋಗಿತ್ತು. ಅದನ್ನು ಒಗೆದು, ಮಡಿಸಿ ತಂದಿದ್ದ. ಅದನ್ನು ಯಾರೂ ಕೇಳಿರಲಿಲ್ಲ. ನನ್ನ ಕೈಗೆ ಕೊಟ್ಟು, ಕೈ ಮುಗಿದ.

'ಸಿಸ್ಟರ್, ಹಾಲಿಂದ ಹಿಂಗಾಯ್ತು ಅಂತ ನಮ್ಮವ್ವಂಗೆ ಗೊತ್ತಿಲ್ಲ. ನಾನೂ ಹೇಳಿಲ್ಲ, ನನ್ ಹೆಂಡ್ತೀನೂ ಹೇಳಿಲ್ಲ. ಮಗು ಹೋಗೇಬಿಡ್ತು. ಇದು ಗೊತ್ತಾದ್ರೆ ಅವ್ವನೂ ಹೋಗ್ತಾಳೆ. ನೀವ್ ಯಾರೂ ಹೇಳ್ಬೇಡಿ.'

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮೊದಮೊದಲು ನನಗೆ ಬಂದದ್ದು ಸಿಟ್ಟು. ಅಷ್ಟು ಹೇಳಿದರೂ ಕೊಟ್ಟರಲ್ಲ ಎಂದು ಆ ಅಜ್ಜಿಯನ್ನು ಮನಸ್ಸಿನಲ್ಲೇ ಸಾಕಷ್ಟು ಬೈದೆ. ಬೈದು ಬೈದು ಸಾಕಾದ ಮೇಲೆ ಯೋಚನೆ ಶುರುವಾಯಿತು. ಅಷ್ಟು ಅಂದರೆ ಏನು ಹೇಳಿದ್ದೆವು? ಕೊಡಬೇಡಿ ಎಂದೆವು. ಯಾಕೆ ಎಂದು ಯಾರೂ ಹೇಳಲಿಲ್ಲ. ಆ ಅಜ್ಜಿಗೆ ಉಪವಾಸ ಗೊತ್ತಿಲ್ಲದ್ದೇನಲ್ಲ. ಏಕಾದಶಿ, ಶಿವರಾತ್ರಿ ಎಲ್ಲಾ ಮಾಡುವವರೇ. ಆದರೆ ಅವರ ಲೆಕ್ಕದಲ್ಲಿ ಉಪವಾಸ ದೊಡ್ಡವರಿಗೆ. ಮಕ್ಕಳನ್ನು ಹಸಿವಿನಲ್ಲಿ ಇಡು ಎಂದು ಯಾವ ದೇವರೂ ಹೇಳಿದ್ದನ್ನು ಅವರು ಕೇಳಿರಲಿಲ್ಲ. ಇನ್ನು ಈ ಸಿಸ್ಟರ್‌ಗಳು ಯಾವ ಲೆಕ್ಕ? ಡೈರಿಗೆ ಹಾಕುವ ಮುಂಚೆ ತೆಗೆದಿಟ್ಟು ಕಳಿಸಿದ ಮನೆಯ ಹಾಲು, ಅಳುತ್ತಿರುವ ಮಗು. ನಮ್ಮಜ್ಜಿ ಆಗಿದ್ದರೂ ಕೊಡುತ್ತಿದ್ದರು.

ಆಮೇಲೆ ನಾನು ಆಪರೇಷನ್‌ಗೆ ಮುಂಚಿನ ಸಂಜೆಯೇ ವಾರ್ಡಿಗೆ ಹೋಗತೊಡಗಿದೆ. ರೋಗಿಗೆ ಹೇಳಿ ಪ್ರಯೋಜನವಿಲ್ಲ. ಊಟದ ಚೀಲ ಯಾರ ಕೈಯಲ್ಲಿದೆ ಎಂದು ನೋಡಿ ಅವರ ಪಕ್ಕ ಕೂರುತ್ತೇನೆ. 'ನಾವು ಎಚ್ಚರ ಇದ್ದಾಗ ಅನ್ನ ಒಂದು ದಾರಿ, ಉಸಿರು ಒಂದು ದಾರಿ. ಔಷಧಿ ಕೊಟ್ಟು ಮಲಗಿಸಿದ್ರೆ ಆ ಬಾಗಿಲು ಕಾಯೋರು ಯಾರೂ ಇರಲ್ಲ. ಹೊಟ್ಟೇಲಿರೋದು ಮೇಲೆ ಬಂದು ಉಸಿರಿನ ದಾರಿಗೆ ಹೋಗುತ್ತೆ' ಎಂದು ಹೇಳುತ್ತೇನೆ. ತಪ್ಪಿ ಕೊಟ್ಟುಬಿಟ್ಟರೆ ಮುಚ್ಚಿಡಬೇಡಿ, ನಾನು ಬೈಯುವುದಿಲ್ಲ ಎಂದೂ ಸೇರಿಸುತ್ತೇನೆ. ಬೈಯದೆ ಇರುವುದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು.

ಒಂದೆರಡು ವರ್ಷ ಕಳೆದಿರಬೇಕು. ಅದೇ ಹಳ್ಳಿಯ ಇನ್ನೊಂದು ಹುಡುಗಿ ಟಾನ್ಸಿಲ್ ಆಪರೇಷನ್‌ಗೆ ಬಂದು ಸೇರಿದಳು. ಜೊತೆಗೆ ಅವಳ ಅಮ್ಮ ಒಬ್ಬಳೇ. ಸಂಜೆ ಕೂತು ಎಲ್ಲ ವಿವರಿಸಿದೆ. ಅರ್ಥವಾಯಿತು ಎಂದಳು.

ಬೆಳಿಗ್ಗೆ ಬೇರೆ ಒಂದು ತುರ್ತು ಹೆರಿಗೆ ಬಂದು ನಮ್ಮ ಸರದಿ ತಡವಾಯಿತು. ಹುಡುಗಿಯನ್ನು ನೋಡಿಕೊಂಡು ಬರೋಣ ಎಂದು ವಾರ್ಡಿಗೆ ಹೋದೆ. ಮಂಚದ ಮೇಲೆ ಅಜ್ಜಿ ಕೂತಿದ್ದರು. ಅದೇ ಅಜ್ಜಿ, ಅರ್ಧ ಇಳಿದುಹೋಗಿದ್ದರು. ಪಕ್ಕದ ಮನೆಯ ಮಗು ಎಂದು ಮೊದಲ ಬಸ್ಸಿಗೇ ಹೊರಟು ಬಂದಿದ್ದರಂತೆ. ಹುಡುಗಿ ಹಸಿವು ಎಂದು ಅಳುತ್ತಿದ್ದಳು. ಅಜ್ಜಿ ಸ್ಟೀಲ್ ಲೋಟವನ್ನು ಅವಳ ತುಟಿಗೆ ಹಿಡಿದಿದ್ದರು.

'ಎರಡೇ ಗುಟುಕು ಕುಡಿ ನಾ ತಲ್ಲಿ. ಈ ಸಿಸ್ಟರ್‌ಗಳು ಹಂಗೇ ಅಂತಾವೆ' ಎನ್ನುತ್ತಿದ್ದರು. ಆಮೇಲೆ ಹುಡುಗಿಯ ಅಮ್ಮನ ಕಡೆ ತಿರುಗಿ, 'ನಮ್ ಮಗೂಗೂ ಕದ್ದು ಕೊಟ್ಟಿದ್ದೆ ಕಣಮ್ಮ. ಹಸ್ಕೊಂಡು ಹೋಗ್ಲಿಲ್ಲ ನನ್ ಕೂಸು. ಅದೊಂದೇ ನಂಗೆ ಸಮಾಧಾನ' ಎಂದರು.

ನಾನು ಓಡಿಹೋಗಿ ಲೋಟ ಕಿತ್ತುಕೊಂಡೆ. ಹಾಲು ನನ್ನ ಬಟ್ಟೆಯ ಮೇಲೂ ಅಜ್ಜಿಯ ಸೀರೆಯ ಮೇಲೂ ಚೆಲ್ಲಿತು. ಕುಡಿದೆಯಾ ಎಂದು ಹುಡುಗಿಯನ್ನು ಕೇಳಿದರೆ ಇಲ್ಲ ಎಂದಳು. ನಾನು ಆ ಇಲ್ಲವನ್ನು ನಂಬಲಿಲ್ಲ. ನಾಲಿಗೆ ಚಾಚಿಸಿ ನೋಡಿದೆ, ಬೆಳ್ಳಗಿತ್ತು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಆಪರೇಷನ್ ಸಂಜೆಗೆ ಮಾಡೋಣ ಎಂದೆ.

ಅಷ್ಟರಲ್ಲಿ ಹುಡುಗಿಯ ಅಮ್ಮ ಹೆದರಿ ಬಡಬಡಿಸುತ್ತಿದ್ದಳು. 'ನಾನ್ ಬೇಡ ಅಂದೆ ಸಿಸ್ಟರ್, ಅಜ್ಜಿ ಕೇಳ್ಲಿಲ್ಲ. ನಿನ್ನೇನೇ ಸಿಸ್ಟರ್ ಹೇಳಿದ್ರು ಕಣಜ್ಜಿ, ಕೊಟ್ರೆ ಅದು ಉಸಿರಿನ ದಾರೀಗೆ ಹೋಗಿ ಪ್ರಾಣಕ್ಕೇ ಬರುತ್ತಂತೆ!'

ಅವಳ ಬಾಯಿ ಮುಚ್ಚಿಸೋಣ ಎಂದರೆ ಮಾತು ಆಗಲೇ ಮುಗಿದಿತ್ತು. ಅಜ್ಜಿ ನನ್ನನ್ನೇ ನೋಡುತ್ತಿದ್ದರು.

'ಏನಮ್ಮ, ನಿಜಾನಾ?'

ಆ ಅಪ್ಪ ಕೈ ಮುಗಿದು ನಿಂತಿದ್ದು ಕಣ್ಣ ಮುಂದೆ ಬಂತು. ಇಲ್ಲ ಎಂದರೆ ಇವರು ನಾಳೆ ಇನ್ನೊಂದು ಮಗುವಿಗೆ ಲೋಟ ಹಿಡಿಯುತ್ತಾರೆ. ಈ ಹುಡುಗಿಯ ಅಮ್ಮನೂ ನನ್ನ ಮಾತು ನಂಬುವುದಿಲ್ಲ.

'ನಿಜ ಅಜ್ಜಿ' ಎಂದೆ.

'ಹಂಗಾದ್ರೆ ನಮ್ ಮಗು?'

'ಇಲ್ಲ ಅಜ್ಜಿ, ನಿಮ್ಮ ಮಗೂಂದು ಬೇರೆ' ಎಂದೆ. 'ಅವಳಿಗೆ ಔಷಧಿ ಒಗ್ಗಲಿಲ್ಲ. ಹಾಲಿಗೂ ಅದಕ್ಕೂ ಸಂಬಂಧ ಇಲ್ಲ.' ಅವರ ಕೈ ಹಿಡಿದುಕೊಂಡೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಮೆತ್ತಗಿತ್ತು.

ಅಜ್ಜಿ ಕೈ ಬಿಡಿಸಿಕೊಂಡರು. 'ಅವತ್ತು ಹಾಸಿಗೆ ಮೇಲೆ ಕೂತಿದ್ದಕ್ಕೆ ಊರೆಲ್ಲ ಕೇಳೋ ಹಂಗೆ ಬೈದಿದ್ದೆ ನೀನು' ಎಂದರು. 'ಇವತ್ತು ಮೈಮೇಲೆಲ್ಲ ಹಾಲು ಚೆಲ್ಲೀನಿ. ಯಾಕಮ್ಮ ಬೈತಿಲ್ಲ?'

ನನ್ನ ಕಣ್ಣು ತುಂಬಿಬಂದದ್ದನ್ನು ಅವರು ನೋಡಿಬಿಟ್ಟರು. ಸುಳ್ಳು ಹೇಳುವುದಕ್ಕೂ ಬಾರದವಳು ನಾನು ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಜ್ಜಿ ನನ್ನ ಕೈಯಿಂದ ಲೋಟ ತೆಗೆದುಕೊಂಡು ನಲ್ಲಿಯ ಹತ್ತಿರ ಹೋಗಿ, ಉಳಿದ ಹಾಲು ಚೆಲ್ಲಿ, ತೊಳೆದರು. ಲೋಟ ಸ್ವಚ್ಛವಾದ ಮೇಲೂ ತೊಳೆಯುತ್ತಲೇ ಇದ್ದರು. ನಾನು ಹೋಗಿ ನಲ್ಲಿ ನಿಲ್ಲಿಸಿದೆ. ಆಮೇಲೆ ಬಂದು ಹುಡುಗಿಯ ಮಂಚದ ಪಕ್ಕ ನೆಲದ ಮೇಲೆ ಕೂತರು. ಪಕ್ಕದ ಮಂಚದವರು ಹುಡುಗಿಗೆ ಬಿಸ್ಕತ್ತು ಕೊಡಲು ಬಂದರೆ ಕೈ ಅಡ್ಡ ಹಿಡಿದರು. ಸಂಜೆ ಸ್ಟ್ರೆಚರ್ ಬರುವವರೆಗೂ ಅಲ್ಲಿಂದ ಏಳಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಹುಡುಗಿ ಕಣ್ಣು ಬಿಟ್ಟು, ಅಮ್ಮ ಎಂದು ಅತ್ತಳು. ಆ ಅಳು ಕೇಳಿದ ಮೇಲೆಯೇ ನಾನು ಸರಿಯಾಗಿ ಉಸಿರಾಡಿದ್ದು. ಅಜ್ಜಿಗೆ ಹೇಳೋಣ ಎಂದು ಹೊರಗೆ ಬಂದರೆ ಅವರಿರಲಿಲ್ಲ. ಎಲ್ಲಿ ಹೋದರು ಎಂದು ಹುಡುಗಿಯ ಅಮ್ಮನನ್ನು ಕೇಳಿದೆ.

'ಮಗು ಅಳೋದು ಬಾಗಿಲಾಚೆಯಿಂದ ಕೇಳಿಸ್ಕೊಂಡ್ರು, ಬಸ್ಸಿಗೆ ಹೋಗ್ತೀನಿ ಅಂತ ಎದ್ದುಬಿಟ್ರು ಸಿಸ್ಟರ್. ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡ್ದಿಲ್ಲ. ನಾನೂ ಎಷ್ಟೋ ಬಲವಂತ ಮಾಡ್ದೆ. ಮಗು ಉಪವಾಸ ಇರೋವಾಗ ನಾನೂ ಇರ್ತೀನಿ, ಅವತ್ತೂ ಇಬ್ರೂ ಹಂಗೇ ಇರಬೇಕಿತ್ತು ಅಂದ್ರು.'