ಓಣಿಗೊಂದೇ ನಂಬರು

ಅಥವಾ ಅದು ಔಷಧಿ ಅಂಗಡಿಯೇ ಇದ್ದಿರಬಹುದು. ಊರಿನವರಿಗೆ ಹೇಳುವಾಗೆಲ್ಲ ನಿಪ್ಪಾಣಿಯ ಬಟ್ಟೆ ಅಂಗಡಿ ಎಂದೇ ಹೇಳುತ್ತ ಬಂದಿದ್ದೇನೆ. ಕಂಪ್ಯೂಟರಿನ ಮುಂದೆ ಹಸಿರು ಬಳೆ ತೊಟ್ಟ ಹುಡುಗಿ ಕೂತಿದ್ದಳು ಎಂದೂ ಸೇರಿಸುತ್ತೇನೆ. ಆದರೆ ಇದು ನಡೆದದ್ದು ನಾನು ಈ ಕಡೆ ಬಂದ ಮೊದಲ ವಾರ, ಆಗ ನಾನು ಚಿಕ್ಕೋಡಿ ಬಿಟ್ಟು ಕದಲಿರಲಿಲ್ಲ. ಹಾಗಾದರೆ ನಿಪ್ಪಾಣಿ ಎಲ್ಲಿಂದ ಬಂತು? ಬಳೆಯ ಬಣ್ಣವೂ ಆಮೇಲೆ ಬಂದು ಅಂಟಿಕೊಂಡದ್ದಿರಬೇಕು. ಮಾತುಗಳ ಬಗ್ಗೆ ಮಾತ್ರ ನನಗೆ ಅಷ್ಟು ಅನುಮಾನವಿಲ್ಲ.

ಹೊದಿಕೆಯನ್ನೋ ತಲೆನೋವಿನ ಮಾತ್ರೆಯನ್ನೋ ತೆಗೆದುಕೊಂಡು ನೋಟು ಮುಂದೆ ಚಾಚಿದೆ. ಹುಡುಗಿ ನೋಟಿನ ಕಡೆ ನೋಡಲಿಲ್ಲ.

"ನಂಬರ್ ಹೇಳ್ರಿ."

"ಯಾವ ನಂಬರು?"

"ನಿಮ್ಮ ಫೋನ್ ನಂಬರ್ರಿ."

"ದುಡ್ಡು ಕೊಡ್ತಿದೀನಲ್ಲ, ನಂಬರ್ ಯಾಕೆ?"

"ಹಾಕಲಿಲ್ಲಂದ್ರ ಬಿಲ್ಲ ಬರೂದಿಲ್ರಿ."

"ದಯವಿಟ್ಟು ಬೇಡ. ನಾನು ನಂಬರ್ ಕೊಡೋದಿಲ್ಲ."

ಆಗ ಅವಳು ಮುಖವೆತ್ತಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ, ಸಂತೋಷದಿಂದ. ಪಕ್ಕದವಳ ಮೊಣಕೈ ತಿವಿದು ಹೇಳಿದಳು: "ಏ, ಕೇಳಿಲ್ಲೆ. ಇವ್ರು ಥೇಟ್ ಫೋನಿನ್ಯಾಗಿನ ಅಕ್ಕಾರಂಗ ಮಾತಾಡ್ತಾರ ನೋಡ!" ಇಬ್ಬರೂ ನಕ್ಕರು. "ಇನ್ನೊಂದ್ಸಲ ಅನ್ರಿ ಮೇಡಮ್ಮರ, 'ದಯವಿಟ್ಟು' ಅನ್ರಿ."

ಮಂಡ್ಯದ ಕಡೆಯವಳಾದ ನಾನು ಕನ್ನಡನಾಡಿನ ಇನ್ನೊಂದು ತುದಿಗೆ ಬಂದಿದ್ದೆ, ಅಷ್ಟೇ. ಕನ್ನಡವನ್ನೇ ಆಡಿದ್ದೆ. ಆದರೆ ಇಲ್ಲಿಯವರ ಕಿವಿಗೆ ನನ್ನ ಕನ್ನಡ ಮನುಷ್ಯರ ಮಾತಾಗಿ ಕೇಳುತ್ತಿರಲಿಲ್ಲ. ಸಾಲ ಬೇಕೇ, ರೀಚಾರ್ಜ್ ಮುಗಿದಿದೆ, ನೀವು ಕರೆ ಮಾಡಿದವರು ಸಿಗುತ್ತಿಲ್ಲ ಎನ್ನುವ ದನಿ ಅದು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ಈ ಸೀಮೆಗೆ ನಮ್ಮ ಕಡೆಯ ಕನ್ನಡ ಬರುವುದು ಹೆಚ್ಚಾಗಿ ಫೋನಿನೊಳಗಿಂದ. ಆ ದಿನ ನನಗೂ ನಗು ಬಂದಿತ್ತು ಎಂದು ನೆನಪು. ಬಂದಿರಲಾರದು.

ನಂಬರು ಕೊಡದಿರಲು ನನಗೆ ಕಾರಣವಿತ್ತು. ಅದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ.

ನನ್ನ ತಮ್ಮ ಮಾದೇಶ ಮನೆಬಿಟ್ಟು ಹೋಗಿ ಏಳು ವರ್ಷವಾಯಿತು. ಅಮ್ಮ ತೀರಿಕೊಂಡ ದಿನ ಬೆಳಗಿನಿಂದ ಅವನಿಗೆ ಫೋನು ಮಾಡಿದ್ದೆ, ಎತ್ತಿರಲಿಲ್ಲ. ಸಂಜೆ ಅವನು ಬಂದಾಗ ಎಲ್ಲ ಮುಗಿದಿತ್ತು. ನೆಂಟರೆಲ್ಲ ಕೂತಿದ್ದ ಅಂಗಳದಲ್ಲಿ ನಾನು, "ಫೋನ್ ಎತ್ತದೋನು ನನಗೆ ತಮ್ಮನೇ ಅಲ್ಲ" ಎಂದೆ. ಇದು ನನ್ನ ನೆನಪು. ನಾನು ಇದಕ್ಕಿಂತ ಕೆಟ್ಟದ್ದು ಅಂದೆ ಎಂದು ಚಿಕ್ಕಮ್ಮ ಹೇಳುತ್ತಾಳೆ. ಏನೂ ಅನ್ನಲೇ ಇಲ್ಲ, ಬರಿ ಬೆನ್ನು ತಿರುಗಿಸಿದೆ ಎಂದು ಸೋದರಮಾವ ಹೇಳುತ್ತಾನೆ. ಹದಿಮೂರನೆಯ ದಿನಕ್ಕೆ ಮಾದೇಶ ಇರಲಿಲ್ಲ.

ಆಮೇಲೆ ಎರಡು ಸಲ ಕರೆ ಬಂದಿದೆ, ಎರಡೂ ಬೇರೆ ಬೇರೆ ನಂಬರಿನಿಂದ. ಮೊದಲ ಸಲ ಉಸಿರಾಟ ಮಾತ್ರ ಕೇಳಿಸಿತು. ಎರಡನೆಯ ಸಲ, "ಅಕ್ಕಾ, ನಾನು. ಚೆನ್ನಾಗಿದೀನಿ" ಎಂದು ಇಟ್ಟುಬಿಟ್ಟ. ತಿರುಗಿ ಮಾಡಿದರೆ ಯಾರೋ ಲಾರಿಯವರು ಎತ್ತಿದರು. ದಾರಿಯಲ್ಲಿ ಒಬ್ಬ ಫೋನು ಕೇಳಿ ಇಸಿದುಕೊಂಡಿದ್ದನಂತೆ. ತಮ್ಮನಿಗೆ ನನ್ನ ವಿಳಾಸ ಗೊತ್ತಿಲ್ಲ, ನಾನು ಈ ಕಡೆ ಬಂದದ್ದು ಗೊತ್ತಿಲ್ಲ. ಗೊತ್ತಿರುವುದು ಹತ್ತು ಅಂಕಿ. ಹಾಗಾಗಿ ಗುರುತಿಲ್ಲದ ನಂಬರಿನಿಂದ ಬರುವ ಪ್ರತಿ ಕರೆಯನ್ನೂ ನಾನು ಎತ್ತಲೇಬೇಕು. ಅಂಗಡಿಯವರಿಗೆ ನಂಬರು ಕೊಟ್ಟರೆ ಗುರುತಿಲ್ಲದ ಕರೆಗಳು ಹೆಚ್ಚುತ್ತವೆ, ಎತ್ತಿದಾಗೆಲ್ಲ ಅವನಲ್ಲ ಎಂದು ಹೊಸದಾಗಿ ತಿಳಿಯಬೇಕಾಗುತ್ತದೆ. ಕೊಡದೆ ಇದ್ದದ್ದು ಅದಕ್ಕೆ.

ಕೆಲಸ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ. ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವುದು. ಅಲ್ಲಿಯೂ ಕಬ್ಬು, ಇಲ್ಲಿಯೂ ಕಬ್ಬು ಎಂದು ಬರುವಾಗ ಧೈರ್ಯ ತಂದುಕೊಂಡಿದ್ದೆ. ಬಸ್ಸಿನ ಕಿಟಕಿಯಿಂದ ರಾಯಬಾಗದ ದಾರಿಯಲ್ಲಿ ಗದ್ದೆ ನೋಡಿದರೆ ಒಂದು ಕ್ಷಣ ನಮ್ಮೂರೇ. ಇಳಿದರೆ ಅಲ್ಲ. ಮಣ್ಣು ಕಪ್ಪು, ನೆಲ ಚಪ್ಪಟೆ, ಊಟಕ್ಕೆ ರಾಗಿಮುದ್ದೆಯ ಬದಲು ಜೋಳದ ರೊಟ್ಟಿ, ಪಲ್ಯದ ಮೇಲೆ ಶೇಂಗಾಪುಡಿ. ಖಾರಕ್ಕೆ ಆರು ತಿಂಗಳಲ್ಲಿ ಒಗ್ಗಿಕೊಂಡೆ. ಒಬ್ಬಳೇ ಕಳೆಯುವ ಭಾನುವಾರಗಳಿಗೆ ಒಗ್ಗಿಕೊಳ್ಳಲಾಗಲಿಲ್ಲ. ಗಂಡಸಿಲ್ಲದ ಹೆಂಗಸಿಗೆ ಮನೆ ಕೊಡಲು ಮೂರು ಕಡೆ ಅನುಮಾನಿಸಿದರು. ನಾಲ್ಕನೆಯ ಕಡೆ ಅಕ್ಕಾತಾಯಿ ಸಿಕ್ಕಳು.

ಎರಡು ಎಮ್ಮೆ, ಒಂದು ಬೇವಿನ ಮರ, ಬಾಡಿಗೆಗೆ ಒಂದು ಖೋಲಿ. ಖೋಲಿ ಎಂದರೆ ಇಲ್ಲಿ ಕೋಣೆ. ಮಗ, ಸೊಸೆ ಬೆಳಗ್ಗೆ ಹೊಲದ ಕೆಲಸಕ್ಕೆ ಹೋದರೆ ಅಕ್ಕಾತಾಯಿಯದೇ ಅಂಗಳ. ಓಣಿಯೆಲ್ಲ ಅವಳನ್ನು ಮಾವಶಿ ಎನ್ನುತ್ತದೆ. ಮರಾಠಿಯಲ್ಲಿ ತಾಯಿಯ ತಂಗಿ. ಮೊದಲ ದಿನ ಕೇಳಿದಳು, "ಅಣ್ಣತಮ್ಮ ಯಾರದಾರ ತಂಗಿ?" ನಾನು, "ಯಾರೂ ಇಲ್ಲ, ಒಬ್ಬಳೇ" ಎಂದೆ. ಅಷ್ಟು ದೂರ ಬಂದದ್ದೇ ಅಂಗಳದ ಆ ಮಾತು ಗೊತ್ತಿಲ್ಲದವರ ನಡುವೆ ಇರಲೆಂದು.

ಅಂಗಡಿಗಳ ಜೊತೆಗಿನ ನನ್ನ ಜಗಳ ಅವಳ ಕಿವಿಗೆ ಬಿತ್ತು. ಹತ್ತು ಸೊನ್ನೆ ಹೇಳಿದರೆ ಕಂಪ್ಯೂಟರು ಒಪ್ಪುವುದಿಲ್ಲ, ಫೋನೇ ಇಲ್ಲ ಎಂದರೆ ಕೈಯಲ್ಲಿರುವುದು ಏನೆಂದು ಕೇಳುತ್ತಾರೆ ಎಂದು ಹೇಳಿಕೊಂಡೆ.

"ಹುಚ್ಚಿ ಅದಿ ಏನ್ ಬೇ? ನನ್ನ ನಂಬರ್ ಹೇಳೂದಪಾ."

"ನಿಮಗೆ ತೊಂದರೆ ಅಲ್ವಾ ಮಾವಶಿ?"

"ನಂಗ್ಯಾರ್ ಫೋನ್ ಮಾಡ್ತಾರ? ಎಮ್ಮಿ ಮಾಡ್ತಾವೇನು?"

ಹಾಗೆ ನಾನು ಆ ಓಣಿಯ ಪದ್ಧತಿಗೆ ಸೇರಿದೆ. ಅಲ್ಲಿನ ಹೆಂಗಸರೆಲ್ಲ ಯಾವ ಅಂಗಡಿಗೆ ಹೋದರೂ ಕೊಡುವುದು ಮಾವಶಿಯ ನಂಬರು. ಮಕ್ಕಳಿಗೆ ಮಗ್ಗಿಗಿಂತ ಮೊದಲು ಆ ಹತ್ತು ಅಂಕಿ ಬಾಯಿಪಾಠ. ಅಥಣಿಯ ಚಪ್ಪಲಿ ಅಂಗಡಿಯಿಂದ ಹಿಡಿದು ನಿಪ್ಪಾಣಿಯ ದೊಡ್ಡ ಮಾರ್ಟಿನವರೆಗೆ ಎಲ್ಲರ ಸಂದೇಶವೂ ಅವಳ ಫೋನಿಗೆ ಬರುತ್ತದೆ. ಸಂಜೆ ಹಾಲು ಹಾಕುವಾಗ ಅವಳು ಓದಿಸಿ ಹೇಳುತ್ತಾಳೆ. "ಏ ಸುನಂದಾ, ಸೀರಿ ಅಂಗಡ್ಯಾವ್ರು ನಿನಗ ಹುಟ್ಟುಹಬ್ಬದ ಶುಭಾಶಯ ಕಳಿಸ್ಯಾರ."

"ನಾ ಹುಟ್ಟಿದ್ದ ದಿನ ನಮ್ಮವ್ವಗೂ ಗೊತ್ತಿಲ್ಲ, ಅವ್ರಿಗೆ ಹ್ಯಾಂಗ ಗೊತ್ತಾತ?"

ಮಾರ್ಟಿನ ಪಾಯಿಂಟುಗಳೆಲ್ಲ ಒಂದೇ ನಂಬರಿಗೆ ಸೇರಿ ಒಂದು ವರ್ಷ ಕುಕ್ಕರು ಬಂತು. ಅದು ಯಾರದೂ ಅಲ್ಲ. ಯಾರ ಮನೆಗೆ ನೆಂಟರು ಬರುತ್ತಾರೋ ಅವರ ಮನೆಗೆ ಹೋಗುತ್ತದೆ.

ಕಂಪನಿಯವರು ಮಾತಾಡಿಸಲು ಫೋನು ಮಾಡಿದರೆ ಮಾವಶಿಯ ಬಳಿ ಒಂದು ಉಪಾಯವಿತ್ತು. ಅವರು ಕನ್ನಡದಲ್ಲಿ ಶುರುಮಾಡಿದರೆ ಮರಾಠಿಯಲ್ಲಿ, "ಮಲಾ ಕನ್ನಡ ಯೇತ್ ನಾಹೀ" ಎನ್ನುವಳು. ನನಗೆ ಕನ್ನಡ ಬರುವುದಿಲ್ಲ ಎಂದು. ಅವರು ಮರಾಠಿಗೆ ಹೊರಳಿದರೆ, "ಮರಾಠಿ ತಿಳಿಯೂದಿಲ್ರಿ ನಮಗ." ಹಿಂದಿಗೆ ಹೋದರೆ ಎರಡರಲ್ಲೂ ಬೈಗುಳ. ಆಮೇಲೆ ಆ ನಂಬರನ್ನು ಬ್ಲಾಕ್ ಮಾಡುವುದು; ಅದನ್ನು ಸೊಸೆ ಕಲಿಸಿಕೊಟ್ಟಿದ್ದಳು. ಗಡಿಯ ಎರಡೂ ಭಾಷೆ ಬಲ್ಲವರಷ್ಟೇ ಆಡಬಹುದಾದ ಆಟ. ಓಣಿಯವರು ನಿಂತು ಕೇಳಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಇದು ಖಂಡಿತ.

ನಾನು ನನ್ನ ಸ್ವಂತ ನಂಬರು ಕೊಟ್ಟದ್ದು ಒಂದೇ ಕಡೆ, ಕನ್ನಡಕದ ಅಂಗಡಿಯಲ್ಲಿ. "ಗ್ಲಾಸ್ ಬಂದ್ ಕೂಡ್ಲೇ ಫೋನ್ ಮಾಡ್ತೀವ್ರಿ" ಎಂದರು. ಮಾವಶಿಯ ನಂಬರು ನಾಲಿಗೆಯ ತುದಿಯಲ್ಲಿತ್ತು. ಅವತ್ತು ಯಾಕೋ ನನ್ನದನ್ನೇ ಹೇಳಿದೆ. ಓಣಿಯ ಲೆಕ್ಕದಲ್ಲಿ ಒಬ್ಬಳಾಗಿ ಸಾಕಾಗಿತ್ತೋ, ಈ ಊರಿನಲ್ಲಿ ನನ್ನ ಹೆಸರಿಗೆ ಒಂದು ಫೋನು ಬರಲಿ ಎಂದು ಆಸೆಯಾಯಿತೋ. ಎರಡನೆಯದು ಎಂದುಕೊಳ್ಳಲು ಇಷ್ಟ. ತಿಂಗಳೊಳಗೆ ಕರೆಗಳು ಹತ್ತಿಕೊಂಡವು: ಸಾಲ, ಸೈಟು, ವಿಮೆ. ಅಲ್ಲಿಂದಲೇ ನಂಬರು ಹೋಯಿತು ಎಂದು ಹೇಳಲಾರೆ. ಬೇರೆಲ್ಲಿಂದಲೋ ಹೋಗಿರಬಹುದು.

ಕಾರ್ಖಾನೆಯ ಲ್ಯಾಬಿನೊಳಗೆ ಫೋನು ಒಯ್ಯುವಂತಿಲ್ಲ, ಗೇಟಿನ ಪೆಟ್ಟಿಗೆಯಲ್ಲಿ ಬಿಡಬೇಕು. ಮೊದಲೆಲ್ಲ ಊಟದ ಹೊತ್ತಿಗೆ ಓಡಿ ಬಂದು, ತಪ್ಪಿದ ಒಂದೆರಡು ಕರೆಗೆ ತಿರುಗಿ ಮಾಡುತ್ತಿದ್ದೆ. ಈಗ ಹತ್ತು, ಹದಿನೈದು. ತಿರುಗಿ ಮಾಡಿದರೆ ಅರ್ಧಕ್ಕರ್ಧ ಹತ್ತುವುದೇ ಇಲ್ಲ. ಅವುಗಳಲ್ಲಿ ಒಂದು ಅವನದಾದರೆ? ಎತ್ತದಿರುವುದು ಎಂದರೇನೆಂದು ಅವನಿಗೆ ಕಲಿಸಿದವಳು ನಾನು.

ಹಾಗಾಗಿ ಬೆಳಗಿನ ಪಾಳಿಗೆ ಹೋಗುವಾಗ ಫೋನನ್ನು ಮಾವಶಿಯ ಕೈಗೆ ಕೊಡತೊಡಗಿದೆ. "ಯಾರು ಮಾಡಿದ್ರೂ ಎತ್ತಿ ಮಾವಶಿ" ಎಂದಷ್ಟೇ ಹೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿದ್ದ ಕಾರಣ ಒಂದೇ: ಅಂಗಡಿಯವರ ಕಾಟ.

ಕಬ್ಬು ಅರೆಯುವ ಹಂಗಾಮು ಮುಗಿಯುತ್ತ ಬಂದಿತ್ತು. ಒಂದು ಸಂಜೆ ಬಂದಾಗ ಅವಳು ಎಮ್ಮೆಗೆ ಕಬ್ಬಿನ ಸೋಗೆ ಹಾಕುತ್ತಿದ್ದಳು. ನನ್ನನ್ನು ನೋಡಿದವಳೇ ಹುರುಪಿನಿಂದ ಶುರುಮಾಡಿದಳು.

"ಈ ಕಂಪನ್ಯಾವ್ರು ಭಾಳ ಶಾಣ್ಯಾ ಆಗ್ಯಾರ ಬೇ. ಮೊದಲ ಮೇಡಂ ಮೇಡಂ ಅಂತಿದ್ರು, ಈಗ 'ಅಕ್ಕಾ' ಅನ್ನಾಕ ಕಲ್ತಾರ."

"ಯಾರು?"

"ಇವತ್ತ ಒಬ್ಬಾಂವ ಮಾಡಿದ್ದ. ನಿಮ್ಮ ಕಡೆ ಕನ್ನಡ. 'ಅಕ್ಕಾ, ನಾನು' ಅಂದ. ನಾನು ಅಂದ್ರ ಯಾವ ನಾನು? ಕೊಟ್ಟೆ ನೋಡ, 'ಮಲಾ ಕನ್ನಡ ಯೇತ್ ನಾಹೀ!'"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ ಎಂದು ಬರೆಯಬಹುದು. ಹಿಡಿದುಕೊಂಡೆನೋ ಇಲ್ಲವೋ. ಕೈಯಲ್ಲಿ ಊಟದ ಡಬ್ಬಿ ಇತ್ತು.

"ಆಮೇಲೆ?"

"ಆಮ್ಯಾಲ 'ಸಾರಿ, ಈ ನಂಬರ್ ನಮ್ಮಕ್ಕಂದಿತ್ತು' ಅಂದನೋ, 'ನಮ್ಮಕ್ಕಂದು ಅನ್ಕೊಂಡೆ' ಅಂದನೋ. ಇಟ್ಟುಬಿಟ್ಟ." ಅವಳ ಕೈ ನಿಂತಿತು. ನನ್ನ ಮುಖ ನೋಡಿ ದನಿ ತಗ್ಗಿತು. "ಯಾಕ್ ತಂಗಿ? ಕಂಪನ್ಯಾವ ಅಲ್ಲೇನಾಂವ?"

ಆಗ ಹೇಳಿದೆ. ಎರಡು ವರ್ಷ ಹೇಳದೆ ಇಟ್ಟದ್ದನ್ನು ಎಮ್ಮೆಗಳ ಮುಂದೆ ನಿಂತು ಹೇಳಿದೆ. ಅವಳು ಸೋಗೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ಒಬ್ಬಾಕೀನ ಅಂದಿದ್ಯಲ್ಲ ನೀ."

"ಹೌದು."

"ನಂಗ ಯಾಕ ಹೇಳಲಿಲ್ಲ? ನಂಬರ್ ಅಲ್ಲ, ಇದನ್ನ ಹೇಳೂದಿತ್ತು ನಂಗ."

ಫೋನಿನ ಬ್ಲಾಕ್ ಪಟ್ಟಿ ತೆಗೆದೆವು. ಆ ದಿನ ಏಳು ನಂಬರು ಸೇರಿದ್ದವು. ಯಾವುದು ಅವನದೆಂದು ಅವಳಿಗೆ ನೆನಪಿಲ್ಲ. ಮುಂಜಾನೆಯೋ ಮಧ್ಯಾಹ್ನವೋ ಅದೂ ಇಲ್ಲ. ಒಂದೊಂದಕ್ಕೂ ಮಾಡಿದೆ. ನಾಲ್ಕು ಕಡೆ ನನ್ನ ಊರಿನ ಕನ್ನಡದಲ್ಲಿ ನಯವಾಗಿ ಸಾಲ ಕೊಡಲು ಬಂದರು. ಎರಡು ಹತ್ತಲಿಲ್ಲ. ಒಂದನ್ನು ಒಬ್ಬ ಮುದುಕ ಎತ್ತಿದ. ಬಸ್‌ಸ್ಟ್ಯಾಂಡಿನ ಮುಂದೆ ಚಹಾ ಮಾರುತ್ತಾನಂತೆ. ಊರಿನ ಹೆಸರು ಕೇಳಿಸುವಷ್ಟರಲ್ಲಿ ಬಸ್ಸಿನ ಹಾರ್ನು. "ದಿನಾ ಯಾರ್ಯಾರೋ ಫೋನ್ ಕೇಳ್ತಾರೆ, ಕೊಡ್ತೀನಿ" ಎಂದ. ಮತ್ತೆ ಮಾಡಿದಾಗ, ಇನ್ನೂ ಮತ್ತೆ ಮಾಡಿದಾಗ ಎತ್ತಲಿಲ್ಲ. ಈಗ ಸ್ವಿಚ್ ಆಫ್ ಬರುತ್ತದೆ.

ಇನ್ನೂ ಒಂದು ಅನುಮಾನವಿದೆ. ಮಾವಶಿ ಮೊದಲು ಹೇಳಿದ್ದು "ಅಕ್ಕಾ, ನಾನು" ಎಂಬುದಷ್ಟೇ. 'ನಮ್ಮಕ್ಕಂದು' ಎಂಬ ಮಾತನ್ನು ಅವಳು ಆಗಲೇ ಹೇಳಿದಳೋ, ನಾನು ಕಥೆ ಹೇಳಿದ ಮೇಲೆ ಹೇಳಿದಳೋ? ಕೇಳಿದರೆ ಅವಳಿಗೂ ತಿಳಿಯದು. ನನ್ನ ನೋವಿಗೆ ಆಧಾರವಾಗಲೆಂದು ಅವಳೇ ಸೇರಿಸಿರಬಹುದು. ಅಥವಾ ನಾನೇ ಸೇರಿಸಿಕೊಂಡಿರಬಹುದು, ಹಸಿರು ಬಳೆಯ ಹಾಗೆ.

ಮಾವಶಿ ಈಗ ಆ ಆಟ ಆಡುವುದಿಲ್ಲ. ಓಣಿಯ ನಂಬರಿಗೆ ಯಾರು ಮಾಡಿದರೂ, ಸೀರೆ ಅಂಗಡಿಯವರಾಗಲಿ ಸಾಲದವರಾಗಲಿ, ಕನ್ನಡದಲ್ಲೇ ಕೇಳುತ್ತಾಳೆ: "ಯಾರ ತಮ್ಮರಿ ನೀವು?" ಕೆಲವರು ನಗುತ್ತಾರೆ. ಒಬ್ಬ ಹುಡುಗ ತನ್ನ ಅಕ್ಕನ ಹೆಸರು ಹೇಳಿದನಂತೆ; ಅವನ ಜೊತೆ ಬಹಳ ಹೊತ್ತು ಮಾತಾಡಿದಳು. ಸುನಂದಾ ಮೊದಲಾದವರು ಈಗ ನಿಂತು ಕೇಳುತ್ತಾರೆ, ನಗುವುದಿಲ್ಲ.

ಊರಿನವರು ತಿರುಗಿ ಬಾ ಎನ್ನುತ್ತಾರೆ. ಈ ಕಡೆಯ ಕೆಲಸ ಬಿಟ್ಟರೆ ಆ ಕಡೆ ಸಿಕ್ಕೀತು. ಆದರೆ ನಾನು ಎಲ್ಲಿದ್ದೇನೆಂಬುದು ತಮ್ಮನ ಪಾಲಿಗೆ ಯಾವಾಗಲೂ ಫೋನಿನೊಳಗೇ ಇತ್ತು. ಊರು ಬದಲಾದರೆ ಅವನಿಗೇನು? ನನಗೆ ಹಾಗಲ್ಲ. ಅಲ್ಲಿ ಅಂಗಳದ ಮಾತನ್ನು ನೆನಪಿಟ್ಟವರಿದ್ದಾರೆ, ಇಲ್ಲಿ ನನ್ನ ಫೋನು ಎತ್ತುವವಳಿದ್ದಾಳೆ.

ಕಳೆದ ವಾರ ರಜೆಯ ದಿನ, ಬೇವಿನ ಮರದಡಿ ಅಕ್ಕಿ ಹಸನು ಮಾಡುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಎರಡನೆಯ ರಿಂಗಿಗೆ ಎತ್ತಿದೆ. ನನ್ನ ಬಾಯಿಂದ ಬಂದದ್ದು, "ಹಾಂ, ಯಾರ್ರೀ? ಏನಾಗಬೇಕಾಗಿತ್ರಿ?" ಎಂಬುದು. ನಮ್ಮ ಕಡೆಯ ಹಾಗೆ 'ಹಲೋ, ಯಾರು?' ಎನ್ನಲಿಲ್ಲ. ಆ ಕಡೆಯಿಂದ ಕರೆ ಕಡಿಯಿತು.

ಅಂಗಡಿಯವರಿರಬಹುದು. ಅವನೇ ಆಗಿದ್ದರೆ, ಆ ದನಿ ಅಕ್ಕನದೆಂದು ಅವನಿಗೆ ಗೊತ್ತಾಯಿತೋ ಇಲ್ಲವೋ, ನನಗೆ ಗೊತ್ತಿಲ್ಲ.